ಬಿಸ್ಕೀಟಿನ ಡಬ್ಬಿಯಲ್ಲಿದ್ದ ತಾಯಿ

ದೆವ್ವ ಕಂಡೆ, ಸತ್ತವರು ಬಂದು ಕರೆದರು ಎಂದು ಯಾರಾದರೂ ಶುರು ಮಾಡಿದರೆ, "ನಿನ್ನೆ ರಾತ್ರಿ ಊಟಕ್ಕೆ ಎಂತ ಇತ್ತು?" ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದವನು ನಾನು. ಡ್ರಾಯಿಂಗ್ ಮಾಸ್ತರನಾಗಿದ್ದೆ. ಕಣ್ಣಿಗೆ ಕಂಡದ್ದನ್ನಷ್ಟೇ ಬಿಡಿಸಿ ಎಂದು ಮಕ್ಕಳಿಗೆ ಗದರುತ್ತಿದ್ದೆ. ಈಗಲೂ ನಾನು ಏನನ್ನೋ ಕಂಡೆನೆಂದು ಹೇಳಲು ಹೊರಟಿಲ್ಲ. ನನ್ನ ಪೇಚು ಬೇರೆಯೇ ಇದೆ. ಉಳಿದವರು ಕಂಡರು, ನಾನು ಕಾಣಲಿಲ್ಲ.

ಅರವತ್ತರ ದಶಕದ ಮೊದಲ ವರ್ಷಗಳು. ಹೊನ್ನಾವರದಲ್ಲಿ ಶರಾವತಿಗೆ ಇನ್ನೂ ಸೇತುವೆ ಇರಲಿಲ್ಲ. ಈಚೆ ದಡದಲ್ಲಿ ಬಸ್ಸು ಇಳಿದು, ಲಾಂಚಿನಲ್ಲಿ ದಾಟಿ, ಆಚೆ ಮತ್ತೊಂದು ಬಸ್ಸು ಹಿಡಿಯಬೇಕು. ಒಂದು ದಿನ ಇಳಿತದ ಹೊತ್ತಿನಲ್ಲಿ ಲಾಂಚು ಮರಳ ದಿಬ್ಬಕ್ಕೆ ಸಿಕ್ಕಿಕೊಂಡಿತು. ನೀರು ಏರುವ ತನಕ ಕೂತಿರುವುದೇ ಕೆಲಸ. ನನ್ನ ಮಡಿಲಲ್ಲಿ ಮುಂಬಯಿಯ ಸೋದರಮಾವ ಕೊಟ್ಟ ಹಳೆಯ ಸಿನಿಮಾ ಕ್ಯಾಮೆರಾ ಇತ್ತು, ಕೀಲಿ ಕೊಟ್ಟು ಓಡಿಸುವಂಥದ್ದು. ಪಕ್ಕದಲ್ಲಿದ್ದ ತರುಣ ಅದನ್ನೇ ನೋಡುತ್ತಿದ್ದ. ಅವನು ಭಟ್ಕಳದ ಖಾದಿರ್. ಮುಂಬಯಿಯ ಸ್ಟುಡಿಯೋಗಳಲ್ಲಿ ದೀಪ ಹೊತ್ತು, ಗುಂಪಿನ ದೃಶ್ಯಗಳಲ್ಲಿ ಹಿಂದೆ ನಿಂತು, ಸಾಕಾಗಿ ಊರಿಗೆ ಹೊರಟಿದ್ದ. ಎದುರಿಗೆ ಟ್ರಂಕಿನ ಮೇಲೆ ಕೂತಿದ್ದವನು ಕಾಗಾಲದ ಮಾದೇವ ನಾಯ್ಕ. ಯಕ್ಷಗಾನ ಮೇಳದಲ್ಲಿ ಇಪ್ಪತ್ತು ವರ್ಷ ಸ್ತ್ರೀವೇಷ ಹಾಕಿದವನು. ಮಾತಿಗೆ ಮಾತು ಬೆಳೆದು, ನೀರು ಏರುವಷ್ಟರಲ್ಲಿ ನಾವು ಮೂವರೂ ಸೇರಿ ಒಂದು ಸಿನಿಮಾ ಮಾಡುವುದೆಂದು ಆಗಿಬಿಟ್ಟಿತ್ತು. ಕೆಲಸವಿಲ್ಲದ ಬಡಗಿ ಮಗುವಿನ ಕುಂಡೆ ಕೆತ್ತಿದ ಎನ್ನುತ್ತಾರಲ್ಲ, ಹಾಗೆ.

ಕಥೆ ಎಂದರೆ ಇಷ್ಟೇ. ಮಗ ಮುಂಬಯಿಗೆ ಹೊರಡುತ್ತಾನೆ, ತಾಯಿ ಲಾಂಚು ಹತ್ತುವ ಧಕ್ಕೆಯ ತನಕ ಬಂದು ಬೀಳ್ಕೊಡುತ್ತಾಳೆ. ಇಪ್ಪತ್ತು ನಿಮಿಷದ ಮಾತಿಲ್ಲದ ಚಿತ್ರ. ಮಗ ಖಾದಿರ್. ತಾಯಿ ಯಾರು? ಆಗ ನಮ್ಮ ಕಡೆ ಹೆಂಗಸರು ಫೋಟೋಕ್ಕೆ ನಿಲ್ಲುವುದೇ ಕಷ್ಟ, ಸಿನಿಮಾಕ್ಕೆ ಎಲ್ಲಿಂದ ಬರಬೇಕು?

"ನಾ ನಿಲ್ತೆ ಮಾಸ್ತರೆ. ಎಷ್ಟು ಮಕ್ಕಳಿಗೆ ತಾಯಿ ಆಗಿಲ್ಲ ನಾನು" ಎಂದ ಮಾದೇವ.

ಮೇಳದ ಜರಿ ಸೀರೆ ಬೇಡ, ಮನೆಯಲ್ಲಿ ಉಡುವ ಸಾದಾ ಸೀರೆ ತಾ ಎಂದು ಹೇಳಿದ್ದೆ. ತಂದ. ಧಕ್ಕೆಯಲ್ಲಿ ಮಧ್ಯಾಹ್ನದ ಬಿಸಿಲಿನಲ್ಲಿ ಅವನ ಒಂದೇ ದೃಶ್ಯ ತೆಗೆದೆವು. ಲಾಂಚಿನಲ್ಲಿ ಮಗ ಕೂರುವ ಹಲಗೆ ಒದ್ದೆಯಾಗಿತ್ತೆಂದು, ನಾನು ಹೇಳದೆಯೇ ಅವನು ಮೊಣಕಾಲವರೆಗೆ ನೀರಿಗಿಳಿದು ಸೆರಗಿನಿಂದ ಅದನ್ನು ಒರೆಸಿದ. ಆಮೇಲೆ ಹಿಂದೆ ಸರಿದು ನಿಂತ. ನನ್ನ ಕ್ಯಾಮೆರಾದ ಕೀಲಿ ಮುಗಿದರೂ ಅವನು ನಿಂತೇ ಇದ್ದ.

ಮುಖ ತೊಳೆದುಕೊಂಡು ಬಂದು, "ಸರಿ ಬಂತಾ?" ಎಂದು ಕೇಳಿದ. ಬಂತು ಎಂದೆ. ಆಗ ಅವನು ಹೇಳಿದ್ದು ಇದು: "ನನ್ನ ಹೆಂಡ್ತಿ ಒಂದಿನವೂ ನನ್ನ ವೇಷ ನೋಡ್ಲಿಲ್ಲ. ಅವ್ಳು ಎದುರಿಗೆ ಕೂತ್ರೆ ನಂಗೆ ನಾಚ್ಕೆ ಅಂತ ನಾನೇ ಬರೂಕೆ ಬಿಡ್ಲಿಲ್ಲ. ಸಿನಿಮಾ ಆದ್ರೆ ಅಡ್ಡಿಲ್ಲ, ನಾನೂ ಅವಳ ಬಗ್ಲಲ್ಲೇ ಕೂತು ನೋಡೂಕೆ ಆತು. ತೋರ್ಸೂಕೆ ಮರೀಬೇಡಿ." ಮರೆಯುವುದಿಲ್ಲ ಎಂದು ಮಾತು ಕೊಟ್ಟೆ.

ಮುಂಬಯಿಯಿಂದ ತೊಳೆದು ಬಂದ ರೀಲನ್ನು ಎರವಲು ತಂದ ಪ್ರೊಜೆಕ್ಟರಿನಲ್ಲಿ ಹಾಕಿ ನೋಡಿದೆ. ಗ್ಯಾಸ್‌ಲೈಟಿನಲ್ಲಿ ಹೆಣ್ಣೇ ಆಗುವ ಮುಖ, ಬಿಸಿಲಿನಲ್ಲಿ ಪೌಡರು ಮೆತ್ತಿದ ಗಂಡಸಿನ ಮುಖವಾಗಿತ್ತು. ಗಲ್ಲದ ಮೇಲೆ ಬೋಳಿಸಿದ ಗಡ್ಡದ ನೆರಳು ಕಾಣುತ್ತಿತ್ತು. ಶಾಲೆಯ ಇಬ್ಬರು ಮಾಸ್ತರರಿಗೆ ತೋರಿಸಿದೆ. ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ದೃಶ್ಯವನ್ನು ಚಿತ್ರದಿಂದ ತೆಗೆದುಹಾಕುತ್ತೇನೆ ಎಂದು ಖಾದಿರನಿಗೆ ಹೇಳಿದೆ.

"ನಗ್ಲಿ ಬಿಡಿ ಮಾಸ್ತರೆ. ಒಂದು ಗಳಿಗೆ ನಗ್ತಾರೆ, ಆಮೇಲೆ ನೋಡ್ತಾರೆ. ತೆಗೀಬೇಡಿ" ಎಂದು ಅವನು ಅಂಗಲಾಚಿದ. ನಾನು ಕೇಳಲಿಲ್ಲ. ಜನ ನನ್ನನ್ನು ನೋಡಿ ನಕ್ಕರೆ ಎಂಬುದೊಂದೇ ನನ್ನ ತಲೆಯಲ್ಲಿತ್ತು. ಒಂದು ಭಾನುವಾರ ಮನೆಯಲ್ಲಿ ಒಬ್ಬನೇ ಕೂತು ಕತ್ತರಿಸಿದೆ. ಕತ್ತರಿಸಿದ ತುಂಡನ್ನು ಬಿಸ್ಕೀಟಿನ ಡಬ್ಬಿಯಲ್ಲಿಟ್ಟು ಮುಚ್ಚಿದೆ. ಅದಕ್ಕೆ ಇನ್ನೊಂದು ಪ್ರತಿ ಇರಲಿಲ್ಲ.

ಮಾದೇವನಿಗೆ ನಾಳೆ ಹೇಳೋಣ, ನಾಡಿದ್ದು ಹೇಳೋಣ ಎಂದುಕೊಂಡೆ. ಆ ಮಳೆಗಾಲದಲ್ಲಿ ಕಾಮಾಲೆಯಾಗಿ ಅವನು ಎಂಟೇ ದಿನಕ್ಕೆ ಹೋಗಿಬಿಟ್ಟ.

ಮಳೆ ಕಳೆದ ಮೇಲೆ ಕುಮಟೆಯ ಒಂದು ಶಾಲೆಯಲ್ಲಿ ಚಿತ್ರ ತೋರಿಸಿದೆವು. ಮಧ್ಯಾಹ್ನ ಮೂರು ಗಂಟೆ. ಕಿಟಕಿಗಳಿಗೆಲ್ಲ ಗೋಣಿಚೀಲ ಕಟ್ಟಿದ್ದೆವು. ಖಾದಿರ್ ಎಲ್ಲಿಂದಲೋ ಪ್ರೊಜೆಕ್ಟರ್ ತಂದಿದ್ದ, ಓಡಿಸುವವನೂ ಅವನೇ. ಇನ್ನೇನು ಶುರುವಾಗಬೇಕು, ಮಾದೇವನ ಹೆಂಡತಿ ನಾಗವೇಣಿ ಬಂದಳು. ಕಾಗಾಲದಿಂದ ನಡೆದು ಬಂದಿದ್ದಳು. ಮುಂದಿನ ಸಾಲಿನಲ್ಲಿ ಕೂತಳು. ಅವಳ ಹತ್ತಿರ ಹೋಗಿ ಹೇಳಬೇಕಿತ್ತು. ಹೋಗಲಿಲ್ಲ.

ಧಕ್ಕೆಯ ದೃಶ್ಯ ಹತ್ತಿರ ಬಂತು. ಖಾದಿರನ ಕಾಲುಗಳು ಮೆಟ್ಟಿಲು ಇಳಿಯುತ್ತವೆ, ಅಲ್ಲಿಂದ ನೇರ ನಡುಹೊಳೆಯ ಲಾಂಚಿಗೆ ನಾನು ಅಂಟಿಸಿದ್ದೆ. ಆ ಜೋಡಣೆ ದಾಟುವಾಗ ನಾಗವೇಣಿಯ ಬೆನ್ನನ್ನು ನೋಡಿಕೊಂಡು ಕೂರುವ ಧೈರ್ಯ ನನಗಿರಲಿಲ್ಲ. ಎದ್ದು ಜಗಲಿಗೆ ಹೋದೆ. ಅಂಗಳದಲ್ಲಿ ಒಂದು ಆಡು ದಾಸವಾಳದ ಗಿಡ ಮೇಯುತ್ತಿತ್ತು, ಅದನ್ನೇ ನೋಡುತ್ತ ನಿಂತೆ. ಒಳಗೆ ಮೊದಲು ಸಣ್ಣಗೆ ನಗು ಕೇಳಿತು. ಯಾಕೆ ನಗುತ್ತಾರೆಂದು ತಿಳಿಯಲಿಲ್ಲ. ಆಮೇಲೆ ನಗು ನಿಂತಿತು, ಪ್ರೊಜೆಕ್ಟರಿನ ಸದ್ದು ಮಾತ್ರ ಉಳಿಯಿತು. ಯಾರೋ ಮೂಗೆಳೆದುಕೊಂಡರು. ನಾನು ಒಳಗೆ ಬಂದಾಗ ಪರದೆಯ ಮೇಲೆ ಲಾಂಚು ಹೋಗುತ್ತಿತ್ತು.

ಮುಗಿದ ಮೇಲೆ ನಾಗವೇಣಿ ನನ್ನ ಕಡೆಗೇ ಬಂದಳು. ಬೈಸಿಕೊಳ್ಳಲು ತಯಾರಾಗಿ ನಿಂತೆ.

"ಎಷ್ಟ್ ಚೆಂದ ಕಂಡ್ರು ನಮ್ಮನಿಯವ್ರು" ಎಂದಳು. "ಆ ಸೀರೆ ನಂದೇ ಮಾಸ್ತರೆ. ಸೆರಗಿನ ತೇಪೆ ನಾನೇ ಹಾಕದ್ದು. ಕೇಳ್ದೇ ತಕಂಡು ಹೋಗಿ ಹೊಳೆ ರಾಡಿ ಮಾಡ್ಕ ಬಂದಿದ್ರು. ಎಲ್ಲಿಗೆ ಒಯ್ದಿದ್ರಿ ಅಂತ ಜಗಳ ಮಾಡ್ದೆ. ಒಂದಿನ ನಿಂಗೇ ಗೊತ್ತಾಗ್ತದೆ ಅಂದ್ರು, ಹೇಳ್ಲೇ ಇಲ್ಲ. ಹಲಗೆ ಒರ್ಸೂಕೆ ನನ್ನ ಸೆರಗೇ ಬೇಕಾಗಿತ್ತಾ ಅವ್ರಿಗೆ?" ಹೀಗೆಂದು ಅತ್ತಳು, ನಕ್ಕಳು. ನನಗೆ ಕೈಮುಗಿದು ಹೋದಳು.

ಯಾರೋ ಹೇಳಿದ್ದನ್ನು ಕೇಳಿ ಕಲ್ಪಿಸಿಕೊಂಡಿರಬೇಕು ಎಂದುಕೊಂಡೆ. ಅಷ್ಟರಲ್ಲಿ ಖಾದಿರ್ ಬಂದು ನನ್ನನ್ನು ಅಪ್ಪಿಕೊಂಡ. "ತೆಗೀತೆ ಅಂದೋರು ತೆಗೀಲೇ ಇಲ್ಲವಲ್ಲ ಮಾಸ್ತರೆ. ನಾನು ನಿಮ್ಮನ್ನ ಏನೋ ಅಂದ್ಕಂಡಿದ್ದೆ. ನೀವು ದೊಡ್ಡವರು." ಅವನ ಕಣ್ಣು ಒದ್ದೆಯಾಗಿತ್ತು.

ಮನೆಗೆ ಬಂದವನೇ ಡಬ್ಬಿ ತೆರೆದೆ. ತುಂಡು ಸುತ್ತಿಟ್ಟ ಹಾಗೆಯೇ ಇತ್ತು. ರೀಲು ಬಿಚ್ಚಿ ನೋಡಿದೆ. ಮೆಟ್ಟಿಲಿಗೂ ಲಾಂಚಿಗೂ ನಡುವೆ ನಾನು ಹಾಕಿದ ಅಂಟು ಹಾಕಿದಲ್ಲೇ ಇತ್ತು. ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದು, ಭೂತಗನ್ನಡಿ ಇಟ್ಟು ನೋಡಿದೆ. ಸೆರಗಿನಲ್ಲಿ ಅಂಗೈಯಗಲದ ಒಂದು ತೇಪೆ ಇತ್ತು. ಆ ದೃಶ್ಯ ತೆಗೆದವನು ನಾನು, ಕತ್ತರಿಸಿದವನೂ ನಾನು. ಅಲ್ಲಿಯವರೆಗೆ ಆ ತೇಪೆ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಖಾದಿರ್ ಮತ್ತೆ ಮುಂಬಯಿಗೆ ಹೋದ. ಹೋದವನು ಪತ್ರ ಬರೆದ, ಇನ್ನೊಂದು ಚಿತ್ರ ಮಾಡೋಣ, ನಿಮ್ಮ ಜೊತೆ ಆದರೆ ಕೂಲಿಯಿಲ್ಲದೆ ಬರುತ್ತೇನೆ ಎಂದು. ಅವನಿಗೆ ನಿಜ ಹೇಳದೆ ಕ್ಯಾಮೆರಾ ಹಿಡಿಯಲಾರೆ ಅನ್ನಿಸಿತು. ಹೇಳಲೂ ಆಗಲಿಲ್ಲ. ಹಾಗೆ ಆ ಕ್ಯಾಮೆರಾ ಮೂಲೆ ಸೇರಿತು, ಸ್ನೇಹವೂ ಹೋಯಿತು. ನಾಗವೇಣಿ ಬದುಕಿರುವ ತನಕ ಪ್ರತಿ ವರ್ಷ ಸುಗ್ಗಿ ಮುಗಿದ ಮೇಲೆ ನಮ್ಮ ಮನೆಗೆ ಒಂದು ಬುಟ್ಟಿ ತರಕಾರಿ ಕಳಿಸುತ್ತಿದ್ದಳು. ಮಾಡದ ಉಪಕಾರಕ್ಕೆ ಬಂದ ಆ ಬದನೆ, ಬಸಳೆಯನ್ನು ನಾನು ಉಂಡಿದ್ದೇನೆ. ಇದಕ್ಕಿಂತ ನಾಚಿಕೆಗೇಡು ಇನ್ನೇನಿದೆ?

ಲೆಕ್ಕ ಹಾಕಿ ಹಾಕಿ ಸೋತಿದ್ದೇನೆ. ಆವತ್ತು ಹೊರಗೆ ಹೋಗದೆ ಕೂತಿದ್ದರೆ ನಾನೂ ಅವನನ್ನು ನೋಡುತ್ತಿದ್ದೆನೋ, ಅಥವಾ ನಾನು ಕೂತಿದ್ದರೆ ಅವನು ಯಾರಿಗೂ ಕಾಣುತ್ತಿರಲಿಲ್ಲವೋ, ನನಗೆ ಗೊತ್ತಿಲ್ಲ.