ಕೋಟುಗಳ ಮುಂದೆ ಮಿಸ್ ಕೋಲ್‌ಬ್ರಿಗ್

ಅಮೆರಿಕದ ಲಿನ್‌ವುಡ್‌ನ ಫ್ಲಾವಿಯಾ ಬಾಯಿ ಹನ್ನೆರಡು ವರ್ಷದಿಂದ ಸಂಸಾರ ಮಾಡುತ್ತಿದ್ದುದು, ಸತ್ತು ನೂರು ವರ್ಷ ದಾಟಿದ ಒಬ್ಬ ಇಂಗ್ಲಿಷ್ ಹೆಂಗಸಿನ ಜೊತೆಗೆ. ವಿಕ್ಟೋರಿಯಾ ರಾಣಿಯ ಕಾಲದ ಮಿಸ್ ಹೆಸ್ಟರ್ ಕೋಲ್‌ಬ್ರಿಗ್ ನಲವತ್ತೊಂದು ಕಾದಂಬರಿ, ಆರು ಪ್ರವಾಸಕಥನ ಬರೆದವಳು. ಅವನ್ನೆಲ್ಲ ಒಂದರ ಮೇಲೊಂದು ಪೇರಿಸಿದರೆ ಅಲ್ಲಿನ ಹಿಮದ ರೇನಿಯರ್ ಬೆಟ್ಟ ನಾಚಿ ಮೋಡದೊಳಗೆ ಹೋಗುತ್ತದೆ; ಅದು ವರ್ಷಕ್ಕೆ ಮುನ್ನೂರು ದಿನ ಕಾಣದಿರುವುದಕ್ಕೆ ಕಾರಣ ಅದೇ ಇರಬೇಕು. ತಮ್ಮ ಗಂಡ ಆಂಟನಿ ತೀರಿಕೊಂಡ ಚಳಿಗಾಲದಲ್ಲಿ, ಕೋಲ್‌ಬ್ರಿಗ್ ತಮ್ಮೂರು ಮಂಗಳೂರಿನಲ್ಲಿ ಹಡಗಿಳಿದು ನೀರುದೋಸೆ ತಿಂದದ್ದನ್ನು ಓದಿ, ಫ್ಲಾವಿಯಾ ಅವಳ ಜೀವನಚರಿತ್ರೆಯನ್ನು ಕನ್ನಡದಲ್ಲಿ ಬರೆಯಲು ಕೂತರು. ಬರೆದದ್ದು ಒಂಬೈನೂರು ಪುಟ, ಕೇಳಿದವರು ಸೊನ್ನೆ. ಅರ್ಧ ಗಂಟೆ ದಾರಿಯ ಡುವಾಲ್‌ನಲ್ಲಿರುವ ಮಗ ಜೇಸನ್, "ಮಮ್ಮಿ, ಈಸ್ ಶಿ ರಿಲೇಟೆಡ್ ಟು ಅಸ್?" ಎಂದು ಕೇಳಿ ಫೋನಿಟ್ಟಿದ್ದ.

ಕಡೆಗೆ ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಓದಲು ಹತ್ತು ನಿಮಿಷ ಸಿಕ್ಕಿತು. ಒಬ್ಬರಾದರೂ ಕೇಳಿದರೆ ಮುಂದೆ ಬರೆಯುವುದು, ಇಲ್ಲವಾದರೆ ಒಂಬೈನೂರು ಪುಟವನ್ನೂ ರದ್ದಿಗೆ ಹಾಕುವುದು ಎಂದು ನಿಶ್ಚಯಿಸಿಕೊಂಡೇ ಹೋದರು.

ಕಾರ್ಯದರ್ಶಿ ವಿಜಯಕುಮಾರ ಮೈಕು ಹಿಡಿದ. "ಈಗ ಫ್ಲಾವಿಯಾ ಆಂಟಿ ಮಾತಾಡ್ತಾರೆ. ಹಾಂ, ಊಟಾನೂ ರೆಡಿ ಇದೆ. ಹೋಳಿಗೆ ಲಿಮಿಟೆಡ್."

ನಾನೂರು ಜನ ಎದ್ದ ರಭಸಕ್ಕೆ ಸಂಘ ಬಾಡಿಗೆಗೆ ಹಿಡಿದಿದ್ದ ಶಾಲೆಯ ಸಭಾಂಗಣ ಕೆನಡಾದ ಕಡೆಗೆ ನಾಲ್ಕಂಗುಲ ಸರಿಯಿತು. ಉಳಿದದ್ದು ಕುರ್ಚಿಗಳ ಮೇಲಿನ ಒದ್ದೆ ಕೋಟುಗಳು, ಅವನ್ನು ಕಾಯಲು ಕೂತ ವಿಜಯಕುಮಾರನ ತಾಯಿ ದ್ಯಾಮವ್ವ. ಫ್ಲಾವಿಯಾ ಆ ಕೋಟುಗಳಿಗೇ ಒಂದು ಪುಟ ಓದಿ ನಿಲ್ಲಿಸಿದರು.

"ಯಾಕ ನಿಲ್ಲಿಸಿದ್ರಿ?" ದ್ಯಾಮವ್ವ ಕೇಳಿದರು.

"ನೀವು ಕೇಳ್ತಾ ಇದ್ರಾ ಅಮ್ಮಾ?"

"ಮತ್ತ ಈ ಕೋಟು ಕೇಳ್ತಾವೇನ್ರಿ? ಒಂದ್ ಹೇಳ್ರಿ. ಅಷ್ಟು ದೇಶ ತಿರುಗಿದಾಕಿ, ಉಣ್ಣಾಕ ಯಾರ ಜೋಡಿ ಕುಂದರತಿದ್ಲು?"

ಫ್ಲಾವಿಯಾ ಕನ್ನಡಕ ತೆಗೆದರು. ಕೋಲ್‌ಬ್ರಿಗ್ ಎಲ್ಲಿ ಏನು ತಿಂದಳೆಂಬುದು ಅವರಿಗೆ ಬಾಯಿಪಾಠ. ಎದುರಿಗೆ ಕೂತವರ ಹೆಸರು ಮಾತ್ರ ಅವಳ ಒಂದು ಪುಸ್ತಕದಲ್ಲೂ ಇರಲಿಲ್ಲ. ಹನ್ನೆರಡು ವರ್ಷ ಅದು ಅವರ ಗಮನಕ್ಕೇ ಬಂದಿರಲಿಲ್ಲ. ಅಡುಗೆಮನೆಯಲ್ಲಿ ನಿಂತುಕೊಂಡೇ ಒಬ್ಬರೇ ಉಣ್ಣುವವರ ಕಣ್ಣಿಗೆ ಅಂಥದ್ದು ಬೀಳುವುದೂ ಕಷ್ಟ.

"ಯಾರೂ ಇರಲಿಲ್ಲ," ಎಂದರು.

"ಹಂಗಂತ ಬರ್ದೀರೇನು?"

"ಇಲ್ಲ."

"ಬರೀರಿ ಮತ್ತ. ಗುರುವಾರ ನಾ ಊರಿಗೆ ಹೊಂಟೀನಿ. ಅಷ್ಟರಾಗ ಎಷ್ಟ್ ಆಕ್ಕೈತೋ ಅಷ್ಟು ಓದಿ ಹೇಳ್ರಿ."

ಫ್ಲಾವಿಯಾ ಪೆನ್ನು ಹುಡುಕಿ ಹಾಳೆಯ ಅಂಚಿನಲ್ಲಿ 'ಯಾರೂ ಇರಲಿಲ್ಲ' ಎಂದಷ್ಟೇ ಬರೆದುಕೊಂಡರು. ಆಮೇಲೆ ವೇದಿಕೆಯಿಳಿದು, ಯಾರದೋ ಕೋಟು ಸರಿಸಿ, ದ್ಯಾಮವ್ವನ ಪಕ್ಕ ಕೂತು ಎರಡನೇ ಪುಟ ಓದತೊಡಗಿದರು.