ತಣ್ಣನೆ ಗಾಳಿಯ ಬಾಯ್ಲರ್

ಹೋದ ವರ್ಷದ ಬೇಸಿಗೆಯಲ್ಲಿ ನಾನು ಶಹಾಪುರದಿಂದ ಸುರಪುರಕ್ಕೆ ಹೋಗುವ ರಸ್ತೆಯ ಒಂದು ಸಣ್ಣ ಖಾಸಗಿ ಡೇರಿಯಲ್ಲಿ ಲಾಗ್ ಪುಸ್ತಕ ಬರೆಯುವ ಕೆಲಸದಲ್ಲಿದ್ದೆ. ಇಪ್ಪತ್ತು ವರ್ಷ ಮನೆ ನೋಡಿಕೊಂಡಿದ್ದವಳಿಗೆ ಅದೇ ಮೊದಲ ನೌಕರಿ. ಕಾನ್ವೆಂಟಿನಲ್ಲಿ ಕಲಿತಿದ್ದರಿಂದ ಯಂತ್ರದ ಇಂಗ್ಲಿಷ್ ಕೈಪಿಡಿ ಓದಬಲ್ಲೆ ಎಂಬುದಷ್ಟೇ ನನ್ನ ಅರ್ಹತೆ.

ಹಾಲು ಕಾಯಿಸಲು, ಕ್ಯಾನ್ ತೊಳೆಯಲು ಡೇರಿಗೆ ಹಬೆ ಬೇಕು. ಅದುವರೆಗೆ ಜಾಲಿ ಕಟ್ಟಿಗೆ ಉರಿಸುವ ಬಾಯ್ಲರ್ ಇತ್ತು. ಭೀಮಣ್ಣ ಅದಕ್ಕೆ ಉರಿ ಹಾಕುವ ಫೈರ್‌ಮ್ಯಾನ್. ಹೊಗೆ ಸಾಕೆಂದು ಮಾಲೀಕರು ಹೀಟ್ ಪಂಪ್ ಬಾಯ್ಲರ್ ತರಿಸಿದರು. ಅದು ಏನನ್ನೂ ಸುಡುವುದಿಲ್ಲ. ಫ್ಯಾನಿನಿಂದ ಹೊರಗಿನ ಗಾಳಿ ಎಳೆದು, ಅದರ ಶಾಖವನ್ನು ಕರೆಂಟಿನ ಬಲದಿಂದ ಹೆಚ್ಚಿಸಿ ನೀರನ್ನು ಹಬೆ ಮಾಡುತ್ತದೆ. ಶಾಖ ಕಳೆದುಕೊಂಡ ತಣ್ಣನೆ ಗಾಳಿಯನ್ನು ಹಿಂಬದಿಯಿಂದ ಹೊರಬಿಡುತ್ತದೆ.

"ಬೆಂಕಿ ಇಲ್ದ ಹಬಿ ಅಂದ್ರ ಹಂಚಿಲ್ದ ರೊಟ್ಟಿ ಅಂದಂಗ ಆತಲ್ರಿ, ಬಾಯಾರ," ಎಂದು ಭೀಮಣ್ಣ ನನ್ನತ್ತ ನೋಡಿ ನಕ್ಕ. ಕೈ ಮಾತ್ರ ಹಳೆಯ ಬಾಯ್ಲರಿನ ಚಿಲಕವನ್ನು ಸವರುತ್ತಿತ್ತು. ಅವನನ್ನು ಹೊಸ ಯಂತ್ರದ ಕಾವಲಿಗೆ ಉಳಿಸಿಕೊಂಡಿದ್ದರು.

ಎರಡನೇ ವಾರ ತೊಂದರೆ ಶುರುವಾಯಿತು. ಬೆಳಿಗ್ಗೆ ಮೂರು ಬಾರ್ ಇದ್ದ ಹಬೆಯ ಒತ್ತಡ ಮಧ್ಯಾಹ್ನ ಒಂದೇ ಬಾರ್‌ಗೆ ಇಳಿಯುತ್ತಿತ್ತು. ಮೆಕ್ಯಾನಿಕ್ ಬೆಳಿಗ್ಗೆ ಬಂದು, ಎಲ್ಲ ಸರಿಯಿದೆ ಎಂದು ಹೋದ. ನನಗೆ ಕುಳಿತಲ್ಲಿ ಕುಳಿತುಕೊಳ್ಳಲಾಗಲಿಲ್ಲ; ಮೂರು ಸಾಲು ಬರೆದರೆ ಎದ್ದು ಗೇಜ್ ನೋಡುತ್ತಿದ್ದೆ. ಐದನೇ ದಿನ ಅರ್ಧ ಕಾದ ಹಾಲು ಒಡೆಯಿತು.

"ಇದರಾಗ ಆ ಭೀಮ್ಯಾನ ಕೈ ಐತ್ರಿ," ಮಾಲೀಕರು ಕೂಗಾಡಿದರು. "ಕಟ್ಟಿಗಿ ಬಾಯ್ಲರ್ ವಾಪಸ್ ಬರ್ಲಿ ಅಂತ ಏನೋ ತಿರುವಾಕತ್ತಾನ. ಸಂಜಿಗೆ ಅಂವನ್ನ ಮನಿಗೆ ಕಳಸ್ತೇನಿ."

ಭೀಮಣ್ಣ ಬಾಗಿಲಲ್ಲೇ ನಿಂತಿದ್ದ.

ನಾನು ಲಾಗ್ ಪುಟ ತಿರುವಿದೆ. ಐದೂ ದಿನ ಒತ್ತಡ ಇಳಿದದ್ದು ಊಟದ ಹೊತ್ತಿನಲ್ಲೇ. ಆಗಿನ್ನೂ ಒಂದೂವರೆ; ನೇರ ಯಂತ್ರದ ಹಿಂಬದಿಗೆ ಹೋದೆ. ಕ್ಯಾನ್ ತೊಳೆಯುವ ಹೆಣ್ಣುಮಕ್ಕಳು ಅಲ್ಲಿ ಬುತ್ತಿ ಬಿಚ್ಚಿದ್ದರು. ತಣ್ಣನೆ ಗಾಳಿ ಹೊರಬರುವ ಬಾಯಿಗೆ ನೆನೆಸಿದ ಗೋಣಿಚೀಲ ಬಿಗಿದಿದ್ದರು.

"ಬರ್ರಿ ಬಾಯಾರ, ನಿಮ್ಮ ಏಸಿ ಭಾಳ ಛಲೋ ಐತಿ," ಅವರಲ್ಲಿ ಹಿರಿಯಳಾದ ನಾಗಮ್ಮ ಕರೆದಳು. "ಗಂಡನ ಮನ್ಯಾಗೂ ಇಂಥಾ ತಂಪು ಕಂಡಿಲ್ಲ!"

ಎಲ್ಲರೂ ನಕ್ಕರು. ಆ ಚೀಲಗಳನ್ನು ಸ್ಟೋರಿನಿಂದ ತೆಗೆದುಕೊಟ್ಟವಳು ನಾನು. ಬಿಸಿಲಿಗೆ ಬಾಡಿದ ಅವರ ಮುಖ ನೋಡಲಾರದೆ, ಮನೆಯ ಕಿಟಕಿಗೆ ಬೇಸಿಗೆಯಲ್ಲಿ ಕಟ್ಟುವಂತೆ ಊಟದ ಹೊತ್ತಿಗೆ ಅಲ್ಲಿ ನೆನೆಸಿ ಕಟ್ಟಿರೆಂದು ಹೇಳಿದ್ದೆ. ಗಾಳಿ ಹೊರಹೋಗದೆ ಹೊಸ ಗಾಳಿ ಒಳಬರುವುದೆಲ್ಲಿಂದ? ಚೀಲ ಬಿಚ್ಚಿಸಿದೆ. ಗೇಜಿನ ಮುಳ್ಳು ನಿಧಾನವಾಗಿ ಮೇಲೇರಿತು.

ಆಫೀಸಿಗೆ ನಡೆದೆ. "ಭೀಮಣ್ಣನ ತಪ್ಪಲ್ರಿ. ಗೋಣಿಚೀಲ ಕೊಟ್ಟಾಕಿ ನಾನು."

ಮಾಲೀಕರು ಎದ್ದು ಹೊರಗೆ ಹೋಗಿ, "ಭೀಮಣ್ಣ, ಸಿಟ್ಟಿನಾಗ ಅಂದ್ನೋ," ಎಂದರು.

"ಹಂಗಾರ ಈಗರ ಆ ಮಷೀನ್ ನನಗ ಕಲಸ್ರಿ, ಸಾವ್ಕಾರ್ರ," ಎಂದ ಭೀಮಣ್ಣ. "ಏನೂ ಗೊತ್ತಿಲ್ದಾಂವ ಅದನ್ನ ಹೆಂಗ ಕೆಡಸ್ತಾನ್ರಿ?"

ನನಗೂ ನಾಚಿಕೆಯಾಯಿತು. ಕೈಪಿಡಿಯನ್ನು ನಾನು ಮಾಲೀಕರಿಗೆ ಓದಿ ಹೇಳಿದ್ದೆ. ಯಂತ್ರದ ಪಕ್ಕದಲ್ಲೇ ದಿನವಿಡೀ ನಿಲ್ಲುವವನಿಗೆ ಒಂದು ಸಾಲೂ ಹೇಳಿರಲಿಲ್ಲ. ಕೆಲಸ ಕಳೆದುಕೊಳ್ಳುವ ಭಯ ಇದ್ದವನ ಮೇಲೆ ಎಲ್ಲರ ಅನುಮಾನ ಹೋಯಿತು. ಒಳ್ಳೆಯದೆಂದು ನಾನು ಮಾಡಿದ್ದನ್ನು ನಾನೇ ಐದು ದಿನ ಅನುಮಾನಿಸಲಿಲ್ಲ. ಆ ನೌಕರಿ ನನಗೆ ಕಲಿಸಿದ್ದು ಇದನ್ನೇ.