ತಂಗಿಯ ಕೈಗುಣ

ಕೈಗುಣ ಎನ್ನುವುದನ್ನು ನಾನು ನಂಬಿದವಳಲ್ಲ. ಡಾಕ್ಟರರಿಗೆ ಇರುತ್ತದೆ, ಉಪ್ಪಿನಕಾಯಿ ಹಾಕುವವರಿಗೆ ಇರುತ್ತದೆ ಎಂದು ಜನ ಹೇಳಿದರೆ ಹೂಂ ಅನ್ನುತ್ತಿದ್ದೆ, ಅಷ್ಟೇ. ಕಂಪ್ಯೂಟರ್ ರಿಪೇರಿಯಲ್ಲಿ ಎಂಥ ಕೈಗುಣ? ಈಗಲೂ ನಂಬುತ್ತೇನೆಂದು ಹೇಳಲಾರೆ. ಆದರೆ ಕೆಲವು ವರ್ಷಗಳ ಹಿಂದೆ ಒಂದು ಸಂಜೆ ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತೇನೆ, ನೀವೇ ನೋಡಿ.

ಗೋಕಾಕದಲ್ಲಿ ನನ್ನದೊಂದು ಸಣ್ಣ ರಿಪೇರಿ ಅಂಗಡಿ. ಮುಂದೆ ಅಂಗಡಿ, ಪರದೆಯ ಹಿಂದೆ ಅಡುಗೆಮನೆ. ತಂಗಿ ಸವಿತಾ ಮದುವೆಯಾಗಿ ಮೂಡಲಗಿಗೆ ಹೋಗಿ ಅಲ್ಲಿ ಅದೇ ಕೆಲಸ ಮಾಡುತ್ತಾಳೆ. ಕಲಿಸಿದವಳು ನಾನೇ. ನಾನು ಒಂದೊಂದೇ ಬಿಚ್ಚಿ, ಒರೆಸಿ, ಕೂಡಿಸಿ ನೋಡುವವಳು. ಅವಳು ಬಂದು ಕುಳಿತು, ಗಿರಾಕಿಯ ಜೊತೆ ಎರಡು ಮಾತಾಡಿ, ಗುಂಡಿ ಒತ್ತುವವಳು. ಅವಳು ಒತ್ತಿದರೆ ಶುರುವಾಗುತ್ತದೆ ಎಂದು ಹೆಸರಾಗಿತ್ತು. ಪಕ್ಕದ ಕೊಣ್ಣೂರಿನ ಗಿರಾಕಿಗಳು ಸಹ ನನ್ನ ಅಂಗಡಿ ದಾಟಿ ಮೂಡಲಗಿ ಬಸ್ಸು ಹತ್ತತೊಡಗಿದ್ದರು. ಬಾಗಿಲ ಮುಂದೆ ಯಾರಾದರೂ ಕಂಪ್ಯೂಟರ್ ಹೊತ್ತು ಹಾದುಹೋದರೆ ನನ್ನ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದ ಹಾಗಾಗುತ್ತಿತ್ತು.

ಆ ದಿನ ಹುಕ್ಕೇರಿಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಈರಪ್ಪ ಕಾಕಾ ತಮ್ಮ ಕಂಪ್ಯೂಟರನ್ನು ಗೋಣಿಚೀಲದಲ್ಲಿ ಸುತ್ತಿ ತಂದರು. ಗುಂಡಿ ಒತ್ತಿದರೆ ಫ್ಯಾನು ತಿರುಗುತ್ತದೆ, ಮಾನಿಟರ್ ಕಪ್ಪಗೇ ಇರುತ್ತದೆ, ಒಳಗಿನಿಂದ ಬೀಪ್ ಬೀಪ್ ಎಂದು ಒಂದೇ ಸಮನೆ ಕೂಗು. ಹಾಗೆ ಕೂಗಿದರೆ ಹೆಚ್ಚಾಗಿ ರ‍್ಯಾಮ್‌ನದೇ ತಕರಾರು. ಅದೊಂದು ಸಣ್ಣ ಹಸಿರು ಪಟ್ಟಿ, ಆದರೆ ಅದಿಲ್ಲದೆ ಯಾವ ಕಂಪ್ಯೂಟರೂ ಕಣ್ಣು ಬಿಡುವುದಿಲ್ಲ. ತೆಗೆದು, ಪೆನ್ಸಿಲ್ ಅಳಿಸುವ ರಬ್ಬರಿನಿಂದ ಅದರ ಹೊಂಬಣ್ಣದ ಅಂಚನ್ನು ತಿಕ್ಕಿ ಕೂಡಿಸಿದೆ. ಕೂಗು ನಿಲ್ಲಲಿಲ್ಲ. ಸೆಲ್ಲು ಬದಲಿಸಿದೆ, ಪವರ್ ಸಪ್ಲೈ ಬದಲಿಸಿದೆ. ಊಹುಂ.

ಕಾಕಾ ಗೋಡೆಗೆ ಒರಗಿ ಕುಳಿತಿದ್ದವರು ಹೇಳಿದರು: “ಬ್ಯಾಸರ ಮಾಡ್ಕೋಬ್ಯಾಡವ್ವಾ. ನಿಂದು ಓದಿದ ಕೈ, ತಂಗೀದು ಹುಟ್ಟಿದ ಕೈ. ಆಕಿ ಇವತ್ತ ಇಲ್ಲೇ ಸಂತಿಗೆ ಬಂದಾಳಂತ, ಕರೀತೇನಿ ತಡಿ.”

ನನ್ನೆದುರಿಗೇ ಫೋನ್ ಹಚ್ಚಿದರು. ನನ್ನ ಅಂಗಡಿ, ನನ್ನ ಸ್ಟೂಲು, ಅದರ ಮೇಲೆ ಅವಳು ಬಂದು ಕೂರಬೇಕು! ಅವಳು ಬರುವುದರೊಳಗೆ ಶುರು ಮಾಡದಿದ್ದರೆ ನಾಳೆಯಿಂದ ಹುಕ್ಕೇರಿಯವರೂ ನನ್ನನ್ನು ದಾಟಿಯೇ ಹೋಗುತ್ತಾರೆ. ರ‍್ಯಾಮ್ ಮತ್ತೆ ತೆಗೆದು ಇನ್ನೊಮ್ಮೆ ತಿಕ್ಕಿದೆ. ಇನ್ನೂ ಕೂಡಿಸಿರಲಿಲ್ಲ, ಅಷ್ಟರಲ್ಲಿ ಕಾಯಿಪಲ್ಯೆ ಚೀಲ ಹಿಡಿದು ಅವಳು ಬಂದೇಬಿಟ್ಟಳು. ಬಂದವರಿಗೆ ಚಹಾ ಕೊಡದೆ ಆಗುತ್ತದೆಯೇ? ಧೂಳು ಬೀಳದಿರಲೆಂದು ಯಂತ್ರದ ಮುಚ್ಚಳ ಆನಿಸಿಟ್ಟು ಒಳಗೆ ಹೋದೆ. ಸಣ್ಣ ಸಾಮಾನನ್ನು ನಾನು ಮೇಜಿನ ಮೇಲೆ ಬಿಡುವುದಿಲ್ಲ. ರ‍್ಯಾಮ್ ಒಂದು ಸ್ಟೀಲ್ ಡಬ್ಬಿಯಲ್ಲಿ ನನ್ನ ಕೈಯಲ್ಲೇ ಇತ್ತು. ಅದನ್ನು ಸಕ್ಕರೆ ಡಬ್ಬಿಯ ಬಾಜೂ ಇಟ್ಟೆ.

ಚಹಾ ಉಕ್ಕುವ ಹೊತ್ತಿಗೆ ಹೊರಗೆ ಒಂದೇ ಒಂದು ಬೀಪ್ ಕೇಳಿತು. ಚೆನ್ನಾಗಿರುವ ಯಂತ್ರ ಶುರುವಾಗುವಾಗ ಮಾಡುವ ಸದ್ದು ಅದು. ಬಂದು ನೋಡಿದರೆ ಮಾನಿಟರಿನ ಮೇಲೆ ಯಾರದೋ ಲಗ್ನಪತ್ರಿಕೆ. ಸವಿತಾ ಅಕ್ಷರ ಸರಿ ಇವೆಯೋ ಎಂದು ಮೌಸಿನಿಂದ ಮೇಲೆ ಕೆಳಗೆ ಮಾಡುತ್ತಿದ್ದಳು.

ತಿರುಗಿ ಒಳಗೆ ಹೋಗಿ ಡಬ್ಬಿ ತೆಗೆದು ನೋಡಿದೆ. ರ‍್ಯಾಮ್ ಅಲ್ಲಿಯೇ ಇತ್ತು.

ಆ ಯಂತ್ರಕ್ಕೆ ಇದ್ದದ್ದು ಅದೊಂದೇ. ಸವಿತಾ ಮುಚ್ಚಳ ತೆಗೆದಳೇನ್ರಿ ಎಂದು ಕಾಕಾನನ್ನು ಮೆಲ್ಲಗೆ ಕೇಳಿದೆ. “ಎಲ್ಲಿ ತಗದ್ಳವಾ. ನೆರಿಗಿ ಸರಿ ಮಾಡ್ಕೊಂಡು ಕುಂತ್ಳು, ಗುಂಡಿ ಒತ್ತಿದ್ಳು” ಎಂದರು. ಮುಚ್ಚಳಕ್ಕೆ ಸ್ಕ್ರೂ ಹಾಕಬೇಕೆಂದು ನೆಪ ಹೇಳಿ ಯಂತ್ರ ಬಂದ್ ಮಾಡಿಸಿದೆ. ಅವರಿಗೆ ಬೆನ್ನು ಕೊಟ್ಟು ಮುಚ್ಚಳ ಸರಿಸಿ ನೋಡಿದರೆ ರ‍್ಯಾಮ್‌ನ ಜಾಗ ಖಾಲಿ. ಬೆರಳು ಆಡಿಸಿ ನೋಡಿದೆ. ಡಬ್ಬಿಯದನ್ನು ಕೂಡಿಸಿ ಒತ್ತಿದೆ. ಆಗಲೂ ಶುರುವಾಯಿತು, ನಾನು ತಿಕ್ಕಿದ್ದಕ್ಕೋ ಏನೋ. ನನ್ನ ಕೈಯಿಂದ ಶುರುವಾದದ್ದನ್ನು ಯಾರೂ ನೋಡಲಿಲ್ಲ.

ಹೋಗುವಾಗ ಸವಿತಾ, “ಎಲ್ಲಾ ನೀನ ಮಾಡಿ ಇಟ್ಟಿದ್ದಿ ಅಕ್ಕಾ. ನಾ ಬರೇ ಗುಂಡಿ ಒತ್ತೇನಿ” ಅಂದಳು. ಅವಳಿಗೆ ಏನಾದರೂ ಗೊತ್ತಿತ್ತೋ, ಇಲ್ಲವೋ. ಕೇಳಿದರೆ ಆದದ್ದನ್ನೆಲ್ಲ ಹೇಳಬೇಕಾಗುತ್ತಿತ್ತು. ಹೇಳಿದರೆ, ಈಗ ಹುಕ್ಕೇರಿಯವರೆಗೆ ಮುಟ್ಟಿರುವ ಅವಳ ಹೆಸರು ಇನ್ನೂ ಎಲ್ಲಿಗೆ ಮುಟ್ಟುತ್ತಿತ್ತೋ! ಇವತ್ತಿನವರೆಗೂ ಅವಳಿಗೆ ಹೇಳಿಲ್ಲ.

ನನಗೆ ತಿಳಿದ ವಿದ್ಯೆಯಲ್ಲಿ ಇದಕ್ಕೆ ಕಾರಣವಿಲ್ಲ. ಒಮ್ಮೊಮ್ಮೆ ಅಂಗಡಿಯಲ್ಲಿ ಯಾರೂ ಇಲ್ಲದಾಗ, ರಿಪೇರಿಯಾದ ಯಂತ್ರದ ರ‍್ಯಾಮ್ ತೆಗೆದಿಟ್ಟು, ನಾನೂ ನೆರಿಗೆ ಸರಿಮಾಡಿಕೊಂಡು ಕುಳಿತು ಗುಂಡಿ ಒತ್ತಿ ನೋಡುತ್ತೇನೆ. ಎಲ್ಲವೂ ಕೂಗುತ್ತವೆ.